ಪೇಪರ್ ಎಲ್ಲಿಂದ ಬರುತ್ತೆ?

ಫೋನಿಗೆ ಜೋಡಿಸುವ ಮಡಚುವ ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅದು ಮಡಚಿಕೊಳ್ಳುತ್ತದೆ. ಡಬ್ಬದ ಮೇಲೆ ಇದನ್ನು ಬರೆದಿರಲಿಲ್ಲ. ‘ಎಲ್ಲಿ ಬೇಕಾದರೂ ಕೆಲಸ ಮಾಡಿ’ ಅಂತ ಮಾತ್ರ ಇತ್ತು. ಎಲ್ಲಿ ಬೇಕಾದರೂ ಅಂದರೆ, ಮೇಜು ಇರುವ ಕಡೆ. ಬೆಂಗಳೂರಿನಲ್ಲಿ ಮೇಜು ಎಲ್ಲಿದೆ ಸ್ವಾಮಿ? ಮೆಟ್ರೋದಲ್ಲಿ ಸೀಟು ಸಿಕ್ಕರೇ ಪುಣ್ಯ. ಕಬ್ಬನ್ ಪಾರ್ಕಿನಲ್ಲಿ ಬೆಂಚು ಇದೆ, ಮೇಜಿಲ್ಲ. ದರ್ಶಿನಿಯಲ್ಲಿ ಎದೆಮಟ್ಟದ ಸ್ಟೀಲ್ ಟೇಬಲ್ ಉಂಟು. ಅಲ್ಲಿ ಕೀಬೋರ್ಡ್ ಬಿಚ್ಚಿದರೆ ಪಕ್ಕದವರ ಸಾಂಬಾರ್ ವಡೆ ನಮ್ಮ ಎಂಟರ್ ಕೀ ಮೇಲೆ. ಟೇಬಲ್ ಒರೆಸುವವರು ಒದ್ದೆ ಬಟ್ಟೆ ಹಿಡಿದು, ಇವರು ಯಾವಾಗ ಎತ್ತುತ್ತಾರೋ ಅಂತ ನೋಡುತ್ತಿರುತ್ತಾರೆ. ಒಂದು ಕೆಫೆಯಲ್ಲಿ ವಾರಾಂತ್ಯ ಲ್ಯಾಪ್‌ಟಾಪ್ ತೆರೆಯಬಾರದೆಂದು ಬೋರ್ಡು. ಇದು ಲ್ಯಾಪ್‌ಟಾಪ್ ಅಲ್ಲ, ಫೋನು ಅಂದೆ. ಎರಡೂ ಒಂದೇ ಸಾರ್ ಅಂದರು. ಇನ್ನೂರೈವತ್ತು ರೂಪಾಯಿಯ ಕಾಫಿಗೆ ಈ ಮಾತೂ ಸೇರಿತ್ತು.

ಇರಲಿ. ಹೆಬ್ಬೆರಳಲ್ಲಿ ಬರೆದ ಟಿಪ್ಪಣಿಗೂ ಹತ್ತು ಬೆರಳಲ್ಲಿ ಬರೆದ ಟಿಪ್ಪಣಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಹೇಳೋಣ ಅಂತಲೇ ಹೊರಟಿದ್ದು. ಅದಕ್ಕೂ ಮುಂಚೆ ಕೆ.ಜಿ. ರಸ್ತೆಯಲ್ಲಿ ನಡೆದದ್ದನ್ನು ಹೇಳಿ ಮುಗಿಸಿಬಿಡುತ್ತೇನೆ.

ಕಂದಾಯ ಭವನದ ಹತ್ತಿರ ಸ್ನೇಹಿತನಿಗಾಗಿ ಕಾಯುತ್ತಿದ್ದೆ. ಒಂದು ಜೆರಾಕ್ಸ್ ಅಂಗಡಿಯ ಮುಂದೆ ಮರದ ಮೇಜು, ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು. ಒಳಗಿದ್ದ ಹುಡುಗಿಯನ್ನು ಕೇಳಿಯೇ ಕೂತೆ. ಕೀಬೋರ್ಡ್ ಬಿಚ್ಚಿ, ಫೋನು ನಿಲ್ಲಿಸಿ, ಎರಡು ಸಾಲು ಹೊಡೆದಿರಬೇಕು. ಒಬ್ಬರು ಬಂದು ಕೇಳಿದರು: “ಬಾಡಿಗೆ ಅಗ್ರಿಮೆಂಟ್ ಎಷ್ಟು ಸಾರ್?” ನಾನು ಆ ಕೆಲಸದವನಲ್ಲ ಅಂದೆ. ನನ್ನನ್ನೂ ಕೀಬೋರ್ಡನ್ನೂ ಮೇಜನ್ನೂ ಒಮ್ಮೆ ನೋಡಿ, ರೇಟು ಏರಿಸಲು ಆಟ ಕಟ್ಟುತ್ತಿದ್ದಾನೆ ಅನ್ನುವ ಮುಖ ಮಾಡಿ ಹೋದರು.

ಆಮೇಲೆ ಬಂದವರು ದಾಸನಪುರದ ಕಡೆಯ ಯಜಮಾನರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಪಹಣಿ, ಅಣ್ಣನ ಮರಣ ಪತ್ರ, ವಂಶವೃಕ್ಷ. ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕು, ತಹಶೀಲ್ದಾರರಿಗೆ ಅರ್ಜಿ ಬೇಕು. ಅವರು ಕೇಳಲಿಲ್ಲ, ಸೀದಾ ಹೇಳುವುದಕ್ಕೆ ಶುರು ಮಾಡಿದರು. “ಬರ್ಕಳಪ್ಪ. ಮಾನ್ಯ ತಹಶೀಲ್ದಾರ್ ಸಾಹೇಬರಿಗೆ...” ಸುಮ್ನೆ ಹೊಡೆದುಕೊಟ್ಟರೆ ಏನು ಹೋಗುತ್ತದೆ ಅಂತ ಒಪ್ಪಿಕೊಂಡೆ.

ಅಲ್ಲೇ ಕಷ್ಟ ಶುರುವಾಯಿತು. ಫೋನಿನ ಪರದೆ ಮೇಲೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ. ಆದರೆ ಹೊರಗಿನ ಕೀಬೋರ್ಡ್ ಜೋಡಿಸಿದರೆ ನನ್ನ ಫೋನು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆಯೇ ಕೀಲಿ ವಿನ್ಯಾಸಕ್ಕೆ ಹೊರಳುತ್ತದೆ. ಅದರಲ್ಲಿ ಎಚ್ ಅಂದರೆ ಪ, ಎನ್ ಅಂದರೆ ಲ, ಎಲ್ ಅಂದರೆ ತ. ಅಭ್ಯಾಸಬಲದಿಂದ ಇಂಗ್ಲಿಷ್ ಕಾಗುಣಿತದಲ್ಲಿ ‘ಇಲ್ಲಿ’ ಅಂತ ಹೊಡೆದರೆ ‘ಗತತಗ’ ಬರುತ್ತದೆ. ‘ಹೋಗು’ ಅಂದರೆ ‘ಪದುಹ’. ಸಾಲದ್ದಕ್ಕೆ, ಮಡಿಕೆ ಬೀಳುವ ಕಡೆ ಸ್ಪೇಸ್‌ಬಾರ್ ಎರಡು ತುಂಡಾಗಿದೆ. ನಡುವಿನ ಸಂದಿಗೆ ಹೆಬ್ಬೆರಳು ಬಿದ್ದರೆ ಪದಗಳೆಲ್ಲ ಅಂಟಿಕೊಳ್ಳುತ್ತವೆ.

ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ. ಯಜಮಾನರು ತಾಳ್ಮೆಯಿಂದಲೇ ನಿಂತಿದ್ದರು. ಅವರ ಕಣ್ಣು ಮಾತ್ರ ಕೀಬೋರ್ಡಿನ ಹಿಂದೆ, ಮೇಜಿನ ಕೆಳಗೆ, ನನ್ನ ಚೀಲದ ಕಡೆ ಓಡಾಡುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟರು: “ಅಲ್ಲಪ್ಪ, ಪೇಪರ್ ಎಲ್ಲಿಂದ ಬರುತ್ತೆ?”

ನನ್ನ ಬಳಿ ಉತ್ತರ ಇರಲಿಲ್ಲ. ಅಂಗಡಿಯ ನಂಬರಿಗೆ ವಾಟ್ಸ್ಆ್ಯಪ್ ಮಾಡಿದೆ. ಹುಡುಗಿ ತೆರೆದು ನೋಡಿದಳು. ಅವಳ ಹಳೇ ಕಂಪ್ಯೂಟರಿನಲ್ಲಿ ನನ್ನ ಅರ್ಜಿಯಿಡೀ ಅಕ್ಷರದ ಬದಲು ಚೌಕ ಚೌಕ. “ಬನ್ನಿ ತಾತ, ಹೇಳಿ” ಅಂದವಳೇ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ತೆರೆದು ಕೂತಳು. ಅವಳದು ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ: ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಒತ್ತಕ್ಷರಕ್ಕೆ ಎಫ್. ಎಡಗೈ ತೋರುಬೆರಳು ಎಫ್ ಮೇಲೆ ಟಕ್ ಟಕ್ ಅಂತ ಬೀಳುತ್ತಿತ್ತು. ಪರದೆ ಬಿಟ್ಟು ಬೇರೆ ಕಡೆ ನೋಡಲಿಲ್ಲ. ನಾನು ‘ಮಾನ್ಯರೇ’ ತಲುಪಲು ತೆಗೆದುಕೊಂಡ ಹೊತ್ತಿನಲ್ಲಿ ಅವಳು ‘ತಮ್ಮ ವಿಶ್ವಾಸಿ’ ಮುಟ್ಟಿದ್ದಳು. ಯಜಮಾನರು ದುಡ್ಡು ಕೊಟ್ಟು, ಬಿಸಿ ಹಾಳೆ ಮಡಚಿ ಕವರಿಗೆ ಸೇರಿಸಿದರು. ಹೋಗುವಾಗ ನನಗೆ, “ನೀನೂ ಕಲ್ತ್ಕೊಳಪ್ಪ, ಬತ್ತದೆ” ಅಂದರು.

ಸಿಟ್ಟು ಬಂದದ್ದು ಅವರ ಮೇಲಲ್ಲ. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳೂ ಎನ್‌ಕೋರ್ ಕಂಪನಿಯವರೂ ಸೇರಿ ಮಾಡಿದ್ದು ಇದೇ ಊರಿನಲ್ಲಿ. ಸಿಂಪ್ಯೂಟರ್ ಅಂತ. 2001ರಲ್ಲಿ ಮಾದರಿ ತೋರಿಸಿದರು, 2004ರಲ್ಲಿ ಮಾರಾಟಕ್ಕೆ ಬಂತು. ಹಳ್ಳಿಯವರಿಗೆ ಅವರ ಭಾಷೆಯಲ್ಲೇ ಸಿಗಬೇಕು ಅನ್ನುವುದೇ ಅದರ ಮೂಲ ಆಸೆ. ಜನ ಕೊಳ್ಳಲಿಲ್ಲ, ಮುಗಿಯಿತು. ಈಗ ಅದಕ್ಕಿಂತ ನೂರು ಪಟ್ಟು ಜೋರಾದ ಫೋನು ಎಲ್ಲರ ಜೇಬಿನಲ್ಲೂ ಇದೆ. ಪ್ರತಿ ನವೆಂಬರಿನಲ್ಲಿ ಅದೇ ಫೋನಿಗೆ ಹಳದಿ ಕೆಂಪು ವಾಲ್‌ಪೇಪರ್ ಬರುತ್ತದೆ. ಒಂದು ಕೀಬೋರ್ಡ್ ಜೋಡಿಸಿ ಕನ್ನಡ ಬರೆಯುತ್ತೇನೆ ಅಂದರೆ ಮಾತ್ರ ಸೆಟ್ಟಿಂಗಿನ ಏಳು ಬಾಗಿಲು ತಟ್ಟಬೇಕು. ವಾಲ್‌ಪೇಪರ್ ಯಾರಿಗೆ ಬೇಕಿತ್ತು?

ಹಾಂ, ಟಿಪ್ಪಣಿಯ ವಿಷಯ. ಆ ವ್ಯತ್ಯಾಸವನ್ನೂ ಕೀಬೋರ್ಡಿನಲ್ಲೇ ಬರೆದಿಟ್ಟಿದ್ದೆ. ಈಗ ತೆಗೆದು ನೋಡಿದರೆ ಮೂರು ಪುಟ, ಮುಕ್ಕಾಲು ಪಾಲು ಗತತಗ. ನಡುವೆ ಅಚ್ಚುಕಟ್ಟಾಗಿ ಓದಲು ಬರುವುದು ದಾಸನಪುರದವರ ಸರ್ವೆ ನಂಬರು ಒಂದೇ. ಬೇರೆಯವರ ಜಮೀನಿನ ವಿವರ, ಅಳಿಸಬೇಕು. ಈ ಕೀಬೋರ್ಡಿನಲ್ಲಿ ಡಿಲೀಟ್‌ಗೆ ಬೇರೆ ಕೀ ಇಲ್ಲ. ಎಫ್‌ಎನ್ ಜೊತೆ ಇನ್ನೊಂದು ಯಾವುದನ್ನೋ ಒತ್ತಬೇಕಂತೆ, ಹುಡುಕುತ್ತಿದ್ದೇನೆ.