ಡಿಸೈನ್ ಸಾಫ್ಟ್‌ವೇರ್: ಸಣ್ಣ ಅಂಗಡಿಗೆ ಖರೀದಿಯೇ ಲೇಸೇ?

ಪರ: ಕೊಂಡದ್ದು ಅಂಗಡಿಯಲ್ಲೇ ಉಳಿಯುತ್ತದೆ

ಉಡುಪಿಯ ರಥಬೀದಿ, ಮಂಗಳೂರಿನ ಕಾರ್‌ಸ್ಟ್ರೀಟಿನ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸಿಕೊಡುವ) ಅಂಗಡಿಗಳಿಗೆ ವರ್ಷಪೂರ್ತಿ ಒಂದೇ ಸಮ ಕೆಲಸ ಇರುವುದಿಲ್ಲ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಕಂಬಳದ ಬ್ಯಾನರ್, ನೇಮದ (ದೈವಾರಾಧನೆಯ) ಆಮಂತ್ರಣ, ಮದುವೆ ಕಾಗದ ಎಂದು ರಾತ್ರಿ ಹನ್ನೊಂದಾದರೂ ಬಾಗಿಲು ಹಾಕಲಾಗದು. ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ದಾಟಿ ಮಳೆ ಹಿಡಿದರೆ, ಅದರಲ್ಲೂ ತುಳುವರ ಆಟಿ ತಿಂಗಳಲ್ಲಿ, ಪ್ರಿಂಟಿಂಗ್ ಮೆಷಿನ್ ಸುಮ್ಮನೆ ನಿಂತಿರುತ್ತದೆ. ಸಾಫ್ಟ್‌ವೇರನ್ನು ಒಂದೇ ಸಲ ಕೊಳ್ಳದೆ ತಿಂಗಳು ತಿಂಗಳು ಕಟ್ಟುವ ಚಂದಾ ಮಾತ್ರ ಆಗಲೂ ನಿಲ್ಲುವುದಿಲ್ಲ.

ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. 5 ವರ್ಷಕ್ಕೆ 1,20,000. ಅಷ್ಟು ಕಟ್ಟಿಯೂ ಆರನೇ ವರ್ಷ ಕಂತು ತಪ್ಪಿದರೆ ನಿಮ್ಮದೇ ಫೈಲನ್ನು ತೆರೆದು ತಿದ್ದಲು ಆಗದು. "ಬೇಡವಾದಾಗ ಬಿಡಬಹುದಲ್ಲ" ಎನ್ನುವವರು ಕರಾರು ಓದಲಿ. ಫೋಟೋಶಾಪ್ ಮಾಡುವ ಅಡೋಬಿ ಕಂಪೆನಿಯಲ್ಲಿ 'ವಾರ್ಷಿಕ, ತಿಂಗಳ ಕಂತು' ಎಂಬ ಪ್ಲಾನ್ ಹಿಡಿದವರು 14 ದಿನ ಕಳೆದ ಮೇಲೆ ಬಿಟ್ಟರೆ ಉಳಿದ ಕಂತುಗಳ ಅರ್ಧ ಮೊತ್ತ ಕಟ್ಟಬೇಕೆಂಬ ಷರತ್ತು ಇತ್ತು. ಈ ಶುಲ್ಕವನ್ನು ಗ್ರಾಹಕರಿಗೆ ಕಾಣದಂತೆ ಇಡಲಾಗಿದೆ ಎಂದು ಅಮೆರಿಕದ ಸರಕಾರ 2024ರ ಜೂನ್‌ನಲ್ಲಿ ಕೋರ್ಟಿಗೇ ಹೋಯಿತು.

ದುಡ್ಡಿಗಿಂತ ದೊಡ್ಡ ಮಾತು ಹಳೆಯ ಫೈಲುಗಳದ್ದು. ನಮ್ಮ ಕಡೆಯ ಪ್ರೆಸ್ಸುಗಳ ನಿಜವಾದ ಆಸ್ತಿ ಅದೇ. ಒಂದು ದೇವಸ್ಥಾನದ ಜಾತ್ರೆಯ ಆಮಂತ್ರಣ ಪ್ರತಿ ವರ್ಷ ಬರುತ್ತದೆ. ತಾರೀಖು, ತಂತ್ರಿಗಳ ಹೆಸರು, ದಾನಿಗಳ ಪಟ್ಟಿ ತಿದ್ದಿದರೆ ಅರ್ಧ ಗಂಟೆಯ ಕೆಲಸ. ಇಂಥ ಎಷ್ಟೋ ಫೈಲುಗಳು ಇಂದಿಗೂ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಅಥವಾ ಶ್ರೀಲಿಪಿ ಎಂಬ ತಂತ್ರಾಂಶಗಳ ಕನ್ನಡ ಅಕ್ಷರದಲ್ಲಿವೆ. ಫಾಂಟ್ ಬದಲಾದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಪೇಜ್‌ಮೇಕರಿನ ಆ ಆವೃತ್ತಿ ಬಂದದ್ದು 2001ರಲ್ಲಿ. ಅದು ನಡೆಯುವ ಕಂಪ್ಯೂಟರ್ ಇದ್ದರೆ ಅಂದು ಕೊಂಡವರು ಇಂದಿಗೂ ಅದರಲ್ಲಿ ದುಡಿಯಬಹುದು. ಬಾಡಿಗೆಯ ಸಾಫ್ಟ್‌ವೇರಿನಲ್ಲಿ ಕಂಪೆನಿಯ ತೀರ್ಮಾನವೇ ಕೊನೆ: 2022ರ ಕೊನೆಗೆ ಅಡೋಬಿಯಿಂದ ಪ್ಯಾಂಟೋನ್ (ಮುದ್ರಣದ ಬಣ್ಣಗಳಿಗೆ ನಂಬರ್ ಕೊಡುವ ಕಂಪೆನಿ) ಬಣ್ಣಪಟ್ಟಿಗಳಲ್ಲಿ ಹೆಚ್ಚಿನವು ಹೊರಬಿದ್ದಾಗ ಆ ಬಣ್ಣ ಬಳಸಿದ್ದ ಹಳೆಯ ಫೋಟೋಶಾಪ್ ಫೈಲುಗಳಲ್ಲಿ ಬಣ್ಣದ ಜಾಗದಲ್ಲಿ ಕಪ್ಪು ಬಂತು. 2023ರ ಜನವರಿಯಿಂದ ಟೈಪ್ 1 ಎಂಬ ಹಳೆಯ ಬಗೆಯ ಫಾಂಟುಗಳಿಗೆ ಬೆಂಬಲವೂ ನಿಂತಿತು.

ಕೊಳ್ಳುವವರು ಒಂದಿಷ್ಟು ಶಿಸ್ತು ಇಟ್ಟುಕೊಳ್ಳಬೇಕು. ಬಿಲ್ಲು, ಸೀರಿಯಲ್ ನಂಬರ್, ಇನ್‌ಸ್ಟಾಲರ್ ಮೂರನ್ನೂ ಎರಡು ಕಡೆ ಇಡಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮೊದಲು ಲೈಸೆನ್ಸನ್ನು ಡಿ-ಆಕ್ಟಿವೇಟ್ ಮಾಡಿ (ಆ ಕಂಪ್ಯೂಟರಿನಿಂದ ಬಿಡಿಸಿ), ಮರೆತರೆ ಹೊಸದರಲ್ಲಿ ಆಕ್ಟಿವೇಟ್ ಆಗದೆ ಕೂರಬೇಕಾದೀತು. ಚಿತ್ರ, ಬ್ಯಾನರ್ ವಿನ್ಯಾಸದ ಕೋರೆಲ್ ಡ್ರಾ ಸಾಫ್ಟ್‌ವೇರ್ ಈಗಲೂ ಒಂದೇ ಸಲದ ಖರೀದಿಗೆ ಸಿಗುತ್ತದೆ. ಅದರ ಹೊಸ ಆವೃತ್ತಿಯ ಫೈಲು ಹಳೆಯದರಲ್ಲಿ ತೆರೆಯದು, ಹಾಗಾಗಿ ಸೇವ್ ಆ್ಯಸ್‌ನಲ್ಲಿ ಪ್ರಿಂಟಿಂಗ್ ಯೂನಿಟ್‌ನವರ ಆವೃತ್ತಿ ಆರಿಸಿ. ಅಕ್ಷರವನ್ನು ಕರ್ವ್ಸ್ ಮಾಡಿದ (ಫಾಂಟ್ ಬೇಡದಂತೆ ಚಿತ್ರದ ಗೆರೆಗಳಾಗಿಸಿದ, ಮತ್ತೆ ಟೈಪ್ ಮಾಡಿ ತಿದ್ದಲಾಗದ) ಪ್ರತಿ ಅವರಿಗೆ, ಕರ್ವ್ಸ್ ಮಾಡದ ಪ್ರತಿ ನಿಮಗೆ. ಎರಡನ್ನೂ ಬೇರೆ ಹೆಸರಿನಲ್ಲಿ ಉಳಿಸದಿದ್ದರೆ ಮುಂದಿನ ಜಾತ್ರೆಗೆ ಒಂದು ತಾರೀಖು ತಿದ್ದಲೂ ಪೂರ್ತಿ ಹೊಸದಾಗಿ ಟೈಪ್ ಮಾಡಬೇಕು.

ವಿರೋಧ: ಹೊಸ ಅಂಗಡಿಗೆ ಚಂದಾ ಹಗುರ

ಐದು ವರ್ಷದ ಮೊತ್ತ ಕೂಡಿಸಿದರೆ ಚಂದಾ ದುಬಾರಿ ಬೀಳುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಂಪ್ಯೂಟರ್, ಪ್ರಿಂಟರ್, ಅಂಗಡಿಯ ಅಡ್ವಾನ್ಸ್ ಎಲ್ಲಕ್ಕೂ ಒಟ್ಟಿಗೆ ಸಾಲ ಎತ್ತಿದವರಿಗೆ ಮೊದಲ ತಿಂಗಳೇ ಸಾಫ್ಟ್‌ವೇರಿಗೂ ದೊಡ್ಡ ಮೊತ್ತ ಎಲ್ಲಿಂದ ಬರಬೇಕು?

ಖರೀದಿಯ ಪರ ಮಾತಾಡುವವರಿಗೆ ಜಗತ್ತು ಪೇಜ್‌ಮೇಕರಿನಲ್ಲೇ ನಿಂತಿರಬೇಕು. ಮಣಿಪಾಲದ ಕಾಲೇಜುಗಳಿಂದ, ಆಸ್ಪತ್ರೆಗಳಿಂದ ಬರುವ ಕೆಲಸ ಅಡೋಬಿಯ ಇನ್‌ಡಿಸೈನ್ (ಪುಟ ಜೋಡಣೆಗೆ), ಇಲ್ಲಸ್ಟ್ರೇಟರ್‌ನಲ್ಲಿ (ಚಿತ್ರ ವಿನ್ಯಾಸಕ್ಕೆ) ಬರುತ್ತದೆ. ಇವುಗಳಲ್ಲಿ ಒಂದೇ ಸಲ ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ ಸಿಎಸ್6 ಬಂದದ್ದು 2012ರಲ್ಲಿ. ಮರುವರ್ಷದಿಂದ ಇವುಗಳ ಹೊಸ ಆವೃತ್ತಿಗಳೆಲ್ಲ ಚಂದಾದಲ್ಲೇ. ಹೊಸ ಇನ್‌ಡಿಸೈನ್ ಫೈಲನ್ನು ಸಿಎಸ್6ರಲ್ಲಿ ತೆರೆಯಬೇಕಾದರೆ, ಫೈಲು ಕಳಿಸಿದವರೇ ಅದನ್ನು ಐಡಿಎಂಎಲ್ (ಹಳೆಯ ಆವೃತ್ತಿಯೂ ಓದಬಲ್ಲ ರೂಪ) ಆಗಿ ಎಕ್ಸ್‌ಪೋರ್ಟ್ ಮಾಡಿಕೊಡಬೇಕು. ನಾಳೆ ಬೆಳಿಗ್ಗೆ ಬೇಕು ಎನ್ನುವ ಗಿರಾಕಿಯ ಹತ್ತಿರ ಅದನ್ನು ಕೇಳುತ್ತ ಕೂರಲಾಗದು.

ಯೂನಿಕೋಡ್ ಕನ್ನಡದ ವಿಷಯವೂ ಇದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ಗೆ ಹೋಗಿ ಭಾರತೀಯ ಲಿಪಿಗಳ ಒತ್ತಕ್ಷರ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ 'ಬ್ರಹ್ಮಕಲಶೋತ್ಸವ' ಎಂಬುದು 'ಬ್‌ರಹ್‌ಮಕಲಶೋತ್‌ಸವ' ಎಂದು ಒಡೆದು ನಿಲ್ಲುತ್ತದೆ. ಇದೊಂದು ಸೆಟ್ಟಿಂಗ್ ಗೊತ್ತಿಲ್ಲದೆ ಎಷ್ಟೋ ಮಂದಿ ಮತ್ತೆ ನುಡಿಗೇ ಮರಳುತ್ತಾರೆ. ಹಳೆಯ ಸಾಫ್ಟ್‌ವೇರುಗಳಲ್ಲಿ ಆ ಸೌಲಭ್ಯವೇ ಇಲ್ಲದ್ದು ಬಹಳ.

ತೆರಿಗೆಯಲ್ಲಿ ಸ್ವಲ್ಪ ಅನುಕೂಲವಿದೆ. ಚಂದಾ ಆ ವರ್ಷದ ಖರ್ಚಾಗಿ ಆದಾಯದಿಂದ ಪೂರ್ತಿ ಕಳೆಯುತ್ತದೆ. ಕೊಂಡ ಸಾಫ್ಟ್‌ವೇರಿಗೆ ವರ್ಷಕ್ಕೆ ಶೇ. 40ರ ಸವಕಳಿ (ಬೆಲೆ ಇಳಿದಂತೆ ವರ್ಷ ವರ್ಷ ಕಳೆಯಬಹುದಾದ ಪಾಲು), ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಖರ್ಚಿನ ಲೆಕ್ಕ ಕೊಡದೆ ವಹಿವಾಟಿನ ಒಂದು ಪಾಲನ್ನೇ ಲಾಭವೆಂದು ತೋರಿಸುವ ಅಂದಾಜು ಲಾಭದ ಯೋಜನೆಯಲ್ಲಿ ಇರುವವರಿಗೆ ಇದರಿಂದ ಲಾಭವಿಲ್ಲ.

ಮುಖ್ಯವಾಗಿ, ದೊಡ್ಡ ಮೊತ್ತಕ್ಕೆ ಹೆದರಿದವರು ಹೋಗುವುದು ಕ್ರ್ಯಾಕ್ ಪ್ರತಿಗೆ. ಕಳ್ಳಪ್ರತಿಯೆಂದು ತಿಳಿದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದ ತನಕ ಸಜೆ, 50,000ದಿಂದ 2 ಲಕ್ಷದ ತನಕ ದಂಡವಿದೆ. ತಿಂಗಳ ಚಂದಾ ಆ ದಾರಿಯಿಂದ ಬಿಡಿಸುತ್ತದೆ.

ಕಾರ್ಡಿನಿಂದ ತಾನಾಗಿ ಹಣ ಹೋಗಲು ಮೊದಲೊಮ್ಮೆ ಇ-ಮ್ಯಾಂಡೇಟಿಗೆ (ಬ್ಯಾಂಕಿಗೆ ಕೊಡುವ ಮುಂಗಡ ಒಪ್ಪಿಗೆಗೆ) ಒಟಿಪಿ ಕೊಡಬೇಕು. ಆಮೇಲೆ ಪ್ರತಿ ಸಲ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರುತ್ತದೆ. ಕಾರ್ಡ್ ಬದಲಾದರೆ ಹಳೆಯ ಮ್ಯಾಂಡೇಟ್ ಕೆಲಸ ಮಾಡದೆ ಕಂತು ತಪ್ಪಬಹುದು, ಆದ್ದರಿಂದ ಹೊಸ ಕಾರ್ಡ್ ಬಂದ ದಿನವೇ ಅದನ್ನು ಮತ್ತೆ ನೋಂದಾಯಿಸಿ. ಸಂದೇಶ ಬರುವ ಮೊಬೈಲ್ ನಂಬರ್ ಕೆಲಸದ ಹುಡುಗನದ್ದಾಗಿರದೆ ಮಾಲೀಕರದ್ದೇ ಆಗಿರಲಿ.