ಸಂತರ ಕಾಲ ಕೆಳಗಿನ ನಾಲ್ವರು

ಇಟಲಿಯ ಫ್ಲಾರೆನ್ಸಿನ ಓರ್ಸಾನ್‌ಮಿಕೆಲೆ ಚರ್ಚಿನ ಮುಂದೆ ಇವತ್ತು ನನಗೆ ವಿಪರೀತ ಸಿಟ್ಟು ಬಂತು. ಹೊರಗೋಡೆಯ ಗೂಡುಗಳಲ್ಲಿ ಸಂತರ ವಿಗ್ರಹಗಳಿವೆ. ಗೈಡ್ ಶಿಲ್ಪಿ ದೊನಾತೆಲ್ಲೊ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾನಿ ದಿ ಬಾಂಕೊ ಎಂಬ ಇನ್ನೊಬ್ಬ ಶಿಲ್ಪಿ ಕೆತ್ತಿದ ನಾಲ್ವರು ಸಂತರ ಹತ್ತಿರ ಬಂದಾಗ, ಅವರ ಕಾಲ ಕೆಳಗಿನ ಕೆತ್ತನೆಯ ಪಟ್ಟಿ ಏನು ಅಂತ ಕೇಳಿದೆ. "ಅದು ಸುಮ್ನೆ ಅಲಂಕಾರ" ಅಂದು ಮುಂದೆ ಹೋದರು.

ಸುಮ್ನೆ ಅಲಂಕಾರವಂತೆ!

ಆ ಪಟ್ಟಿಯಲ್ಲಿ ನಾಲ್ವರು ಕೆಲಸಗಾರರಿದ್ದಾರೆ. ಒಬ್ಬ ಗೋಡೆ ಕಟ್ಟುತ್ತಿದ್ದಾನೆ. ಒಬ್ಬ ಬೈರಿಗೆಯಿಂದ ಕಲ್ಲು ಕೊರೆಯುತ್ತಿದ್ದಾನೆ. ಒಬ್ಬನ ಕೈಯಲ್ಲಿ ಕೈವಾರ. ಕೊನೆಯವನು ಮಗುವಿನ ವಿಗ್ರಹ ಕೆತ್ತುತ್ತಿದ್ದಾನೆ. ಸುಮಾರು 600 ವರ್ಷದ ಹಿಂದೆ ಈ ಗೂಡು ಮಾಡಿಸಿದ್ದು ಕಲ್ಲುಕೆಲಸ, ಮರಗೆಲಸದವರ ಸಂಘ. ಸಂತರ ಜೊತೆ ತಮ್ಮ ಕೆಲಸವನ್ನೂ ಕೆತ್ತಿಸಿಕೊಂಡರು.

ನಮ್ಮಪ್ಪ ಬಡಗಿ ಅಂತ ನಿಮಗೆಲ್ಲ ಗೊತ್ತು. ಅವರು ಮಾಡಿದ ಬಾಗಿಲುಗಳು ಊರ ತುಂಬ ಇವೆ. ಒಂದರ ಮೇಲೂ ಅವರ ಗುರುತಿಲ್ಲ. ಆ ಕಲ್ಲಿನ ಮುಂದೆ ನಿಂತಾಗ ಅದೇ ನೆನಪಾಗಿ ಕಣ್ಣು ತುಂಬಿತು.

ಜೊತೆಗಿದ್ದ ಗೆಳೆಯರೊಬ್ಬರು, "ಇವೆಲ್ಲ ದುಡ್ಡಿದ್ದವರ ಜಾಹೀರಾತು ಅಲ್ವಾ?" ಅಂದರು. ಕೆಲವು ಹೌದು. ಇದೇ ಊರಿನ ಸ್ಯಾನ್ ಮಿನಿಯಾಟೊ ಚರ್ಚಿನ ನೆತ್ತಿಯ ಮೇಲೆ ಬಟ್ಟೆ ವರ್ತಕರ ಸಂಘದ ಗುರುತಾದ ಹದ್ದು ಮೂಟೆ ಹಿಡಿದು ಕೂತಿದೆ. ದೊಡ್ಡ ಕೆಥೆಡ್ರಲ್ ಮೇಲೆ ಉಣ್ಣೆ ಸಂಘದ ಕುರಿಮರಿಯಿದೆ. ಆ ಉಣ್ಣೆ ಸಂಘ ಕೂಲಿಯವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. 1378ರಲ್ಲಿ ಆ ಕೂಲಿಯವರು ದಂಗೆ ಎದ್ದಾಗ, ನಮಗೂ ಒಂದು ಸಂಘ ಬೇಕು ಅಂತಲೇ ಕೇಳಿದ್ದು. ಹಾಗಾಗಿ ಈ ಗುರುತುಗಳೆಲ್ಲ ಬಡವರ ಗುರುತು ಅಂತ ನಾನು ಹೇಳುವುದಿಲ್ಲ. ಆದರೆ ಶ್ರೀಮಂತ ಸಂಘಗಳು ಕಂಚಿನ ವಿಗ್ರಹ ಮಾಡಿಸಿದ ಓರ್ಸಾನ್‌ಮಿಕೆಲೆಯ ಅದೇ ಗೋಡೆಯಲ್ಲಿ, ಕಲ್ಲುಕೆಲಸದವರು ಅಮೃತಶಿಲೆಯಲ್ಲಿ ಬೈರಿಗೆ ಹಿಡಿದವನನ್ನು ನಿಲ್ಲಿಸಿದರಲ್ಲ. ಅದನ್ನು ಜಾಹೀರಾತು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಾಗೆ ನೋಡಿದರೆ ಕಟ್ಟಡವೇ ಮೊದಲು ಧಾನ್ಯದ ಮಾರುಕಟ್ಟೆ. ಮೇಲಿನ ಉಗ್ರಾಣದಿಂದ ಕಾಳು ಇಳಿಸಲು ಕಂಬದೊಳಗೆ ದಾರಿ ಮಾಡಿದ್ದರು. ಇಂಥ ಜಾಗದಲ್ಲಿ ಕೆಲಸದವರನ್ನೇ ತೋರಿಸದಿದ್ದರೆ ಇನ್ನೇನು ತೋರಿಸುತ್ತಾರೆ?

ಮತ್ತೆ ಹೇಳ್ತೀನಿ, ಅದು ಅಲಂಕಾರವಲ್ಲ. ಸ್ವಲ್ಪ ಬಗ್ಗಿ ನೋಡಿದ್ದರೆ ಸಾಕಿತ್ತು.

ಗುಂಪು ಮುಂದೆ ಹೋದ ಮೇಲೂ ನಾನು ಅಲ್ಲೇ ಉಳಿದೆ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. ಚರ್ಚು ಯಾವುದು, ಊರು ಯಾವುದು, ಒಂದನ್ನೂ ಕೇಳಲಿಲ್ಲ. "ಆ ಬೈರಿಗೆಯವನ ಕೈ ಸರಿಯಾಗಿ ಕಾಣ್ತಿಲ್ಲ ಮಗಾ, ಹತ್ತಿರದಿಂದ ಇನ್ನೊಂದು ತೆಗಿ" ಅಂದರು.