ಸತ್ಯಾಂಶ: ಸೂಫಿಗಳು ಅಧಿಕಾರದಿಂದ ದೂರವೇ ಉಳಿದಿದ್ದರೇ?

‘ಸೂಫಿಗಳು ರಾಜಕೀಯದ ಗೊಡವೆಗೆ ಎಂದೂ ಹೋದವರಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಸೂಫಿ ಪಂಥಗಳಲ್ಲೊಂದಾದ ಚಿಶ್ತಿಯ ಆರಂಭಕಾಲದ ಸಂತರಲ್ಲಿ ಅನೇಕರು ಆಸ್ಥಾನಗಳಿಂದ ದೂರವಿದ್ದರೆಂಬುದು ನಿಜ; ಆದರೆ ಎಲ್ಲ ಪಂಥಗಳಿಗೂ ಈ ಮಾತು ಸಲ್ಲದು.

ಇರಾನಿನ ಸಫವಿ ರಾಜವಂಶ ಹುಟ್ಟಿದ್ದೇ ಸೂಫಿ ಪಂಥವೊಂದರಿಂದ. 1334ರಲ್ಲಿ ತೀರಿಕೊಂಡ ಶೇಖ್ ಸಫಿಯುದ್ದೀನರ ಹೆಸರು ಹೊತ್ತ, ಅರ್ದಬಿಲ್ ಪಟ್ಟಣವನ್ನು ಕೇಂದ್ರವಾಗಿಸಿಕೊಂಡಿದ್ದ ಈ ಪಂಥ ಮೊದಲಿಗೆ ಸುನ್ನಿ ಪರಂಪರೆಯದಾಗಿತ್ತು. 15ನೆಯ ಶತಮಾನದಲ್ಲಿ ಪಂಥದ ಗುರುಗಳಾದ ಜುನೈದ್ ಮತ್ತು ಅವನ ಮಗ ಹೈದರ್, ತುರ್ಕಮಾನ್ ಬುಡಕಟ್ಟುಗಳ ಶಿಷ್ಯರನ್ನು ಯೋಧರನ್ನಾಗಿ ಸಂಘಟಿಸಿದರು. ಶಿಯಾಗಳು ನಂಬುವ ಹನ್ನೆರಡು ಇಮಾಮರ (ಧರ್ಮನಾಯಕರ) ಗುರುತಾಗಿ ಹನ್ನೆರಡು ನೆರಿಗೆಗಳ ಕೆಂಪು ಟೊಪ್ಪಿಗೆ ತೊಡುತ್ತಿದ್ದ ಕಿಜಿಲ್‌ಬಾಶರು ಈ ಯೋಧರೇ. ಇವರ ಬಲದಿಂದ 1501ರಲ್ಲಿ ತಬ್ರೀಜಿನಲ್ಲಿ ಪಟ್ಟವೇರಿದ ಹೈದರನ ಹದಿಹರೆಯದ ಮಗ ಇಸ್ಮಾಯಿಲ್, ಗುರುವೂ ದೊರೆಯೂ ತಾನೇ ಆಗಿ, ಶಿಯಾ ಮತವನ್ನು ರಾಜ್ಯಧರ್ಮವೆಂದು ಸಾರಿದನು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಸೂಫಿ ಮೂಲದ ಈ ಪ್ರಭುತ್ವವೇ ಮುಂದೆ ಹಲವು ಸೂಫಿ ಪಂಥಗಳನ್ನು ಹತ್ತಿಕ್ಕಿತು.